ಒಳ್ಳೆಯದನ್ನು ಮೊದಲು ಹೇಳಿ

ನಮ್ಮ ದ್ವೀಪದ ಊರು ಕಮಾಗ್ವೆಯ್‌ನಲ್ಲಿ ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಎಲ್ಲರಿಗೂ ಗೊತ್ತಿತ್ತು. ಬ್ರೆಡ್ಡಿನ ಸಾಲಿಗೆ ಹೋಗಿ "ಕೊನೆಯವರು ಯಾರು?" ಎಂದು ಕೇಳಿದರೆ ಸಾಕು, ಮುಂದೆ ನಿಂತವರೆಲ್ಲ ಹೊರಳಿ ನೋಡುತ್ತಿದ್ದರು. "ಅಯ್ಯೋ, ಮಧ್ಯಾಹ್ನದ ಸುದ್ದಿಯವಳಲ್ವಾ ನೀನು?" ಎಂದು ಒಬ್ಬಳು. "ಮೊನ್ನೆ ನಮ್ಮತ್ತೆ ಸತ್ತಿದ್ದನ್ನ ಓದಿದ್ದು ನೀನೇ ಅಲ್ವಾ? ಎಷ್ಟು ಚೆನ್ನಾಗಿ ಓದ್ದೆ ಮಾರಾಯ್ತಿ, ಬದುಕಿದ್ದಾಗ ಅವಳ ಬಗ್ಗೆ ಯಾರೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ" ಎಂದು ಇನ್ನೊಬ್ಬಳು. ಮದುವೆಗೆ ಮುಂಚಿನಿಂದಲೂ ನಾನು ಆ ರೇಡಿಯೊದಲ್ಲಿದ್ದೆ. ಸುದ್ದಿ, ಸಾವು, ಚಂಡಮಾರುತದ ಎಚ್ಚರಿಕೆ, ಹುಟ್ಟುಹಬ್ಬದ ಹಾರೈಕೆ, ಎಲ್ಲವೂ ನನ್ನ ಬಾಯಿಂದಲೇ ಊರಿಗೆ ತಲುಪುತ್ತಿದ್ದವು.

ದೇಶ ಬಿಟ್ಟು ಮಾಂಟೆವಿಡಿಯೊಗೆ ಬಂದ ವಾರದಲ್ಲೇ ಆ ದನಿಯ ಬಗ್ಗೆ ನನಗೆ ಸಿಕ್ಕ ಮೊದಲ ಅಭಿಪ್ರಾಯ, "ಸ್ವಲ್ಪ ಮೆಲ್ಲಗೆ."

ಹೇಳಿದವಳು ನೆಲ್ಲಿ, ಎಲ್ಲರ ಬಾಯಲ್ಲೂ ಗೌರವದ ಡೋನ್ಯಾ ನೆಲ್ಲಿ, ಹಳೇ ಪಟ್ಟಣದಲ್ಲಿ ನಾವಿರುವ ವಠಾರದ ಒಡತಿ. ನಮಗೆ ಒಂದು ಕೋಣೆ, ಉಳಿದ ಕೋಣೆಗಳಲ್ಲಿ ಬೇರೆ ಬೇರೆ ದೇಶದವರು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಅದರ ಒಲೆಯಲ್ಲಿ ಎರಡೇ ಉರಿ ಹತ್ತುತ್ತವೆ. "ನೋಡು ಇಡಾಲ್ಮಿಸ್, ಇಲ್ಲಿ ಗೋಡೆ ತೆಳು. ನೀನು ಕೆಳಗೆ ನಿಂತು ಗಂಡನ ಹತ್ರ ಮಾತಾಡಿದ್ರೆ, ಬೀನ್ಸಿಗೆ ಎಷ್ಟು ಉಪ್ಪು ಹಾಕ್ದೆ ಅಂತ ಮಹಡಿ ಮೇಲಿನವರಿಗೂ ಗೊತ್ತಾಗತ್ತೆ." ಕೆಟ್ಟ ಹೆಂಗಸಲ್ಲ. ಮಳೆ ಬಂದ ದಿನ ಎಣ್ಣೆಯಲ್ಲಿ ಕರಿದ ರೊಟ್ಟಿ ತಂದು ಕೊಡುತ್ತಾಳೆ. ಆದರೆ ಅದನ್ನು ಕೊಡುವಾಗಲೂ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಕೊಡುತ್ತಾಳೆ.

ನನ್ನನ್ನು ಯಾರೂ ಕೈಕಾಲು ಕಟ್ಟಿ ಇಲ್ಲಿಗೆ ತರಲಿಲ್ಲ. ಅದನ್ನೂ ಹೇಳಿಬಿಡಬೇಕು. ಊರಲ್ಲಿ ದಿನದ ಅರ್ಧ ಹೊತ್ತು ಕರೆಂಟಿರುತ್ತಿರಲಿಲ್ಲ. ನಾನು ಓದುವ ಸುದ್ದಿಯನ್ನು ಕೇಳಬೇಕಾದವರ ರೇಡಿಯೊಗಳು ಸತ್ತು ಬಿದ್ದಿರುತ್ತಿದ್ದವು. ಗಂಡ ಲಿಯೋಸ್ಬೆಲ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ಬಸ್ಸಿನ ಕರುಳು ಕಿತ್ತು ಇನ್ನೊಂದಕ್ಕೆ ಹಾಕುವುದೇ ಅವನ ಕೆಲಸವಾಗಿತ್ತು. ಸಂಜೆ ಬಂದು, ಕೈಯ ಗ್ರೀಸು ತೊಳೆಯಲು ಸೋಪಿಲ್ಲದೆ ಕೈಗಳನ್ನು ಮುಂದೆ ಚಾಚಿಕೊಂಡು ಕೂರುತ್ತಿದ್ದ. "ಹೋಗೋಣ ಇಡಾ, ಮಗಳಿಗೋಸ್ಕರ" ಎಂದ. ಸರಿ ಎಂದೆ. ಅವನಿಗಿಂತ ಮೊದಲು ನಾನೇ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಸಿಟ್ಟು ಬರುವುದು ಎಲ್ಲಿ ಎಂದರೆ, ಇಲ್ಲಿ ಅವನಿಗೆ ಎಲ್ಲವೂ ಸರಿಯಾಗಿ ಕೂತಿತು. ಬಂದ ತಿಂಗಳಲ್ಲೇ ಗ್ಯಾರೇಜಿನಲ್ಲಿ ಕೆಲಸ. ಮೊದಲ ದಿನ ಮನೆಗೆ ಬಂದು, ಕಣ್ಣು ಅಗಲಿಸಿ, "ಇಡಾ, ಪಾರ್ಟು ಬೇಕು ಅಂತ ಹೇಳಿದ್ರೆ ತಂದು ಕೊಡ್ತಾರೆ ಕಣೇ! ಡಬ್ಬದಲ್ಲಿ! ಹೊಸಾದು!" ಎಂದು ಚಿಕ್ಕ ಮಗುವಿನ ಹಾಗೆ ಹೇಳಿದ. ಈಗ ಅವನು ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್ ಒತ್ತಿಕೊಂಡು, ಕೈಯಲ್ಲಿ ಮಾಟೆ ಕುಡಿಯುವ ಸೋರೆಬುರುಡೆ ಹಿಡಿದು, ಆ ಕಹಿ ಸೊಪ್ಪಿನ ನೀರನ್ನು ಕೊಳವೆಯಲ್ಲಿ ಹೀರುತ್ತಾ ಬೀದಿಯಲ್ಲಿ ನಡೆಯುತ್ತಾನೆ, ಇಲ್ಲೇ ಹುಟ್ಟಿದವನ ಹಾಗೆ. ಮಗಳು ಮೈದೆಲಿಸ್‌ಗೆ ಹದಿನಾರು. ಅವಳ ಮಾತಿನ ಧಾಟಿಯೇ ಬದಲಾಯಿತು. ಏನು ಕೇಳಿದರೂ ಇಲ್ಲಿನವರ ಹಾಗೆ "ತಾ" ಅನ್ನುತ್ತಾಳೆ. ಊಟ ಮಾಡ್ತೀಯಾ? ತಾ. ಕೋಟು ಹಾಕ್ಕೋ. ತಾ. ಸರಿ ಅಂತಲೋ, ಸಾಕು ಅಂತಲೋ, ತಲೆ ತಿನ್ನಬೇಡ ಅಂತಲೋ, ದೇವರಿಗೇ ಗೊತ್ತು.

ನಾನು ಮೊದಲ ವರ್ಷ ರೇಡಿಯೊ ಸ್ಟೇಷನ್‌ಗಳ ಮೆಟ್ಟಿಲು ಹತ್ತಿ ಇಳಿದೆ. ಎಲ್ಲ ಕಡೆ ಕಾಫಿ ಕೊಟ್ಟರು. "ಎಂಥಾ ದನಿ!" ಎಂದರು. ಒಬ್ಬ ಮಹಾಶಯ ಬಾಗಿಲವರೆಗೂ ಬಂದು ಬೀಳ್ಕೊಡುತ್ತಾ, "ತಪ್ಪು ತಿಳ್ಕೋಬೇಡಿ ಮೇಡಂ, ನಿಮ್ಮ ಧಾಟಿಯಲ್ಲಿ ನಾಳೆ ಆಲಿಕಲ್ಲು ಬೀಳತ್ತೆ ಅಂತ ಹೇಳಿದ್ರೂ ನಮ್ಮ ಜನ ಎದ್ದು ಕುಣೀತಾರೆ" ಎಂದ. ಹಾಸ್ಯ ಮಾಡಿದೆನೆಂದು ಅವನಿಗೆ ಖುಷಿ. ನಾನೂ ನಕ್ಕೆ. ಬಸ್ ಸ್ಟಾಪಿಗೆ ಬಂದ ಮೇಲೆ ಹಲ್ಲು ಕಚ್ಚಿಕೊಂಡೆ.

ಕೊನೆಗೆ ಸಿಕ್ಕಿದ್ದು ಡೋನ್ಯಾ ಒಫೇಲಿಯಾ ಎಂಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಕಿಟಕಿಯ ಹತ್ತಿರ ಕೂರಿಸುವುದು. ಆಕೆಗೆ ಸದ್ದು ಆಗದು. ಟೀವಿಯನ್ನೂ ದನಿ ಪೂರ್ತಿ ಆರಿಸಿ ನೋಡುತ್ತಾಳೆ. "ಹಿಂದಿನವಳು ತುಂಬಾ ಮಾತಾಡ್ತಿದ್ಲು. ನೀನು ಪರವಾಗಿಲ್ಲ" ಎಂದು ಒಂದು ದಿನ ನನ್ನ ಕೈ ಸವರಿದಳು. ಆ ಹೊಗಳಿಕೆ ಕೇಳಿ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಹೀಗಿರುವಾಗ ಮೈದೆಲಿಸ್‌ಳ ಶಾಲೆಯ ಸಭೆಯೊಂದರಲ್ಲಿ ನಾನು ಎದ್ದು ನಿಂತು ಏನೋ ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬಳು ಸಭೆ ಮುಗಿದ ಮೇಲೆ ಓಡಿ ಬಂದಳು. ಕುತ್ತಿಗೆಗೆ ಉದ್ದನೆಯ ಉಣ್ಣೆ ಶಾಲು, ಕೈತುಂಬ ಬೆಳ್ಳಿ ಬಳೆ. ಹೆಸರು ಲುಸಿಯಾನಾ. ಬಡಾವಣೆಯ ಸಣ್ಣ ರೇಡಿಯೊದಲ್ಲಿ ಶನಿವಾರ ಬೆಳಿಗ್ಗೆ ಕಾರ್ಯಕ್ರಮ ನಡೆಸುತ್ತಾಳಂತೆ.

"ಪರದೇಶಕ್ಕೆ ಹೋಗಿ ನೆಲೆಸೋದರಲ್ಲಿ ಲಾಭ ಏನು, ನಷ್ಟ ಏನು, ಅದೇ ಈ ಸಲದ ವಿಷಯ. ನೀವು ಬರಲೇಬೇಕು. ನಿಮ್ಮಂಥವರೇ ನಮಗೆ ಬೇಕಿತ್ತು."

"ನನ್ನಂಥವರು ಅಂದ್ರೆ?"

"ಅದೇ, ಹೊರಗಿಂದ ಬಂದು, ಕಷ್ಟಪಟ್ಟು, ಗೆದ್ದವರು!" ಎಂದಳು. ನಾನು ಯಾವಾಗ ಗೆದ್ದೆ ಎಂದು ಕೇಳುವಷ್ಟರಲ್ಲಿ ನನ್ನ ಮೊಣಕೈ ಹಿಡಿದು ಮುಂದುವರಿಸಿದಳು, "ಒಂದೇ ಒಂದು ಕೋರಿಕೆ. ಒಳ್ಳೆಯದನ್ನು ಮೊದಲು ಹೇಳಿ. ಆಮೇಲೆ ಕಷ್ಟ. ಕೊನೆಗೆ ಮತ್ತೆ ಸ್ವಲ್ಪ ಒಳ್ಳೆಯದು. ಕೇಳೋರಿಗೆ ಶನಿವಾರ ಬೆಳಿಗ್ಗೆ ಹಿತವಾಗಿರಬೇಕು ನೋಡಿ."

ಏನಾದರಾಗಲಿ, ಮೈಕು ಮೈಕೇ. ಒಪ್ಪಿಕೊಂಡೆ. ಮನೆಗೆ ಬರುವ ದಾರಿಯಲ್ಲಿ ತುಟಿ ಅಲ್ಲಾಡಿಸುತ್ತಾ ನಡೆದೆನೆಂದು ಮೈದೆಲಿಸ್ ನನ್ನಿಂದ ಹತ್ತು ಹೆಜ್ಜೆ ಹಿಂದೆ ಉಳಿದಳು.

ಆ ವಾರ ಪೂರ್ತಿ ಎಲ್ಲರೂ ನನ್ನ ಬಾಯೊಳಗೆ ಕೈಹಾಕಿದರು.

ಮೊದಲು ನನ್ನ ಗಂಡ ಲಿಯೋ. "ನಮ್ಮ ಗ್ಯಾರೇಜಿನಲ್ಲಿ ಶನಿವಾರ ರೇಡಿಯೊ ಹಾಕಿರ್ತಾರೆ. ಈ ದೇಶದ ಬಗ್ಗೆ ಕೆಟ್ಟದಾಗಿ ಏನೂ ಹೇಳ್ಬೇಡ ಮತ್ತೆ."

"ಚಳಿ ಅಂತ ಹೇಳಬಹುದಾ?"

"ಚಳಿ ಅಂತ ಅವರೂ ಹೇಳ್ತಾರೆ. ಅದು ಪರವಾಗಿಲ್ಲ."

ಆಮೇಲೆ ಡೋನ್ಯಾ ನೆಲ್ಲಿ. "ಒಲೆ ವಿಷಯ ಎತ್ತಬೇಡ ಕಣಮ್ಮಾ. ರಿಪೇರಿಯವನು ಬರ್ತೀನಿ ಅಂದಿದಾನೆ." ಅವನು ಬರುತ್ತೇನೆ ಎಂದು ಹೇಳುತ್ತಿರುವುದು ನಾವು ಬಂದ ದಿನದಿಂದಲೂ.

ಮೈದೆಲಿಸ್ ಕನ್ನಡಿಯಿಂದ ಮುಖ ತಿರುಗಿಸದೆ, "ನನ್ನ ಹೆಸರು ಹೇಳ್ಬೇಡ. ನನ್ನ ಶಾಲೆ ಹೆಸರು ಹೇಳ್ಬೇಡ. ಅಳಬೇಡ. ಹಾಡಬೇಡ" ಎಂದಳು.

"ಉಸಿರಾಡಬಹುದಾ?"

"ಅಮ್ಮಾ. ತಾ."

ನಿಜವಾದ ತಲೆನೋವು ಕಮಾಗ್ವೆಯ್‌ನಿಂದ ಬಂತು. ನನ್ನ ತಮ್ಮ ರೇನಿಯೆರ್ ಇಲ್ಲಿಗೆ ಬರಬೇಕೆಂದು ಕುದಿಯುತ್ತಿದ್ದ. ಅವನ ಹೆಂಡತಿ ಜೊರೈದಾಗೆ ಸುತರಾಂ ಇಷ್ಟವಿರಲಿಲ್ಲ. ಅವಳು ಅಲ್ಲಿ ಮಕ್ಕಳ ಹಲ್ಲಿನ ಡಾಕ್ಟರು, ಅವನು ಶಾಲೆಯಲ್ಲಿ ಆಟದ ಮೇಷ್ಟ್ರು. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬರಿಗೊಬ್ಬರು ತಿಳಿಯದ ಹಾಗೆ ಫೋನ್ ಮಾಡಿದರು.

"ಅಕ್ಕಾ, ಶನಿವಾರ ನಾವಿಬ್ರೂ ಫೋನಿನಲ್ಲೇ ಕೇಳ್ತೀವಿ. ಜೊರೈದಾಗೆ ನಂಬಿಕೆ ಬರೋ ಹಾಗೆ ಮಾತಾಡು. ನಿನ್ನ ದನಿಯಲ್ಲಿ ಹೇಳಿದ್ರೆ ಅವಳು ನಂಬ್ತಾಳೆ. ಚಂಡಮಾರುತ ಬರತ್ತೆ ಅಂತ ನೀನು ಹೇಳಿದ್ರೆ ಊರಿಗೆ ಊರೇ ಕಿಟಕಿಗೆ ಹಲಗೆ ಹೊಡೀತಿತ್ತು."

ಜೊರೈದಾ ಮೆಲ್ಲಗೆ, ಬಾತ್‌ರೂಮಿನಿಂದ ಮಾತಾಡುತ್ತಿರಬೇಕು. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಅಲ್ಲಿ ಎಷ್ಟು ಕಷ್ಟ ಇದೆಯೋ ಅಷ್ಟನ್ನೂ ಹೇಳಿ. ಸ್ವಲ್ಪ ಜಾಸ್ತೀನೇ ಹೇಳಿ. ನನಗೆ ಅಲ್ಲಿ ಹಲ್ಲು ಕೀಳೋಕೆ ಬಿಡ್ತಾರಾ? ಇಲ್ಲ ತಾನೇ? ನಿಮಗೇ ಮಾತಾಡೋಕೆ ಬಿಟ್ಟಿಲ್ಲ."

ಅವಳ ಆ ಕೊನೆಯ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ರೇಡಿಯೊ ಇದ್ದದ್ದು ಒಂದು ಫುಟ್‌ಬಾಲ್ ಕ್ಲಬ್ಬಿನ ಮಹಡಿಯಲ್ಲಿ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಕೆಳಗಿನಿಂದ ಮಾಂಸ ಸುಡುವ ಹೊಗೆ ಬರುತ್ತಿತ್ತು. ನಾನು ಕೂತು, ಮೈಕನ್ನು ನನ್ನ ಬಾಯಿಯ ಎತ್ತರಕ್ಕೆ ಎಳೆದುಕೊಂಡೆ. ಆ ಕಬ್ಬಿಣದ ತಣ್ಣನೆಯ ಕತ್ತು ಕೈಗೆ ತಾಗಿದ್ದೇ ತಡ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಗಾಜಿನಾಚೆ ಕೂತಿದ್ದ ಹುಡುಗಿ ದನಿ ಪರೀಕ್ಷೆಗೆ ಏನಾದರೂ ಹೇಳಿ ಎಂದಳು. "ಕಮಾಗ್ವೆಯ್, ಮಧ್ಯಾಹ್ನದ ಹನ್ನೆರಡು ಗಂಟೆ" ಎಂದೆ. ಅವಳು ಹುಬ್ಬೇರಿಸಿ ಹೆಬ್ಬೆರಳು ಎತ್ತಿದಳು.

ಲುಸಿಯಾನಾ ಶುರು ಮಾಡಿದಳು. ನನ್ನ ಹೆಸರು ಹೇಳಿದಳು, ತಪ್ಪಾಗಿ. ಆಮೇಲೆ ತಾನು ಬಾರ್ಸಿಲೋನಾದಲ್ಲಿ ಕಳೆದ ಎರಡು ವರ್ಷದ ಕಥೆ ತೆಗೆದಳು. ಬಾಲ್ಕನಿ, ಸೈಕಲ್ಲು, ಒಬ್ಬ ಹುಡುಗ, ಅಮ್ಮನ ನೆನಪು. "ಆ ಒಂಟಿತನ ನಿಮಗೂ ಗೊತ್ತು, ಅಲ್ವಾ ಇಡಾಮಿಸ್?"

"ನನಗೆ..."

"ಎಷ್ಟು ಚೆನ್ನಾಗಿ ಹೇಳಿದ್ರಿ! ನಾನಂತೂ ಭಾನುವಾರ ಬಂದ್ರೆ..." ಎಂದು ಮತ್ತೆ ಬಾಲ್ಕನಿಗೆ ಹೋದಳು.

ಕೊನೆಗೂ ಅವಳು ನೀರು ಕುಡಿಯಲು ಲೋಟ ಎತ್ತಿದಾಗ ನನಗೆ ಜಾಗ ಸಿಕ್ಕಿತು. ಹೇಳಿದ ಮಾತಿನಂತೆ ಒಳ್ಳೆಯದನ್ನೇ ಮೊದಲು ಹೇಳಿದೆ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ, ಹತ್ತಿದೆ ಎನ್ನುವುದನ್ನು ಗಮನಿಸುವುದನ್ನೇ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಹಾಲಿದೆ, ಔಷಧಿಯಿದೆ. ಮಗಳು ಇಷ್ಟಬಂದದ್ದನ್ನು ಓದುತ್ತಾಳೆ, ಇಷ್ಟಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾಳೆ, ಯಾರೂ ಹೆದರಿಸುವುದಿಲ್ಲ. ಗಂಡ ಕೆಲಸದಿಂದ ಶಿಳ್ಳೆ ಹಾಕುತ್ತಾ ಮನೆಗೆ ಬರುತ್ತಾನೆ. ಎಲ್ಲವೂ ನಿಜ. ಒಂದಕ್ಷರ ಸುಳ್ಳಿರಲಿಲ್ಲ. ನನ್ನ ದನಿ ಆ ಮೊಟ್ಟೆ ಟ್ರೇಗಳ ನಡುವೆ ದುಂಡಗೆ, ತುಂಬಿ ಹರಿಯಿತು. ಎಷ್ಟು ಕಾಲವಾಗಿತ್ತು, ನನಗೇ ಕಣ್ಣು ತುಂಬಿಬಂತು.

"ಅದ್ಭುತ!" ಎಂದಳು ಲುಸಿಯಾನಾ. "ಈಗ ಚೂರು ಕಷ್ಟ. ಚುಟುಕಾಗಿ."

"ಕಷ್ಟ ಅಂದ್ರೆ," ಎಂದೆ, "ಈಗ ಹೇಳಿದ್ದರಲ್ಲಿ ನಾನು ಎಲ್ಲೂ ಇಲ್ಲ. ದೀಪ ಇದೆ, ಹಾಲಿದೆ, ಗಂಡ ಇದಾನೆ, ಮಗಳಿದಾಳೆ. ನಾನು ಒಬ್ಬ ಮುದುಕಿಯ ಮನೇಲಿ ಸುಮ್ಮನೆ ಇರೋದಕ್ಕೆ ಸಂಬಳ ತಗೊಳ್ತೀನಿ."

ಲುಸಿಯಾನಾಳ ಬಳೆಗಳು ನಿಂತವು. ಗಾಜಿನಾಚೆಯ ಹುಡುಗಿ ಫೋನಿನ ದೀಪ ತೋರಿಸಿದಳು. ಲುಸಿಯಾನಾ ಬದುಕಿದೆ ಎಂಬಂತೆ, "ಕೇಳುಗರೊಬ್ಬರು ಲೈನಿನಲ್ಲಿದ್ದಾರೆ!" ಎಂದಳು.

ಒಬ್ಬ ಮುದುಕನ ದನಿ, ಸಿಗರೇಟಿನಲ್ಲಿ ಬೆಂದದ್ದು. "ನಾನು ಅನಿಬಾಲ್. ಬಂದರಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಆ ಹೆಂಗಸಿಗೆ ಒಂದು ಮಾತು. ತಿನ್ನೋಕೆ ಅನ್ನ ಇದೆ, ಮಗಳಿಗೆ ಶಾಲೆ ಇದೆ. ಇನ್ನೇನಮ್ಮಾ ನಿನಗೆ? ಅಷ್ಟು ಬೇಜಾರಾದ್ರೆ ವಾಪಸ್ ಹೋಗು, ಬಾಗಿಲಿಗೆ ಬೀಗ ಹಾಕಿಲ್ಲ. ನನ್ನ ಮಗ ಸ್ವೀಡನ್ನಿನಲ್ಲಿ ಇಪ್ಪತ್ತು ವರ್ಷದಿಂದ ಇದಾನೆ. ಒಂದು ದಿನಾನೂ ದೂರಿಲ್ಲ."

"ನಿಮ್ಮ ಹತ್ರ ದೂರಿಲ್ಲ" ಎಂದೆ.

"ಏನಂದೆ?"

"ನಿಮ್ಮ ಹತ್ರ ದೂರಿಲ್ಲ ಅಂದೆ ಸ್ವಾಮೀ. ದೂರಿದ್ರೆ ನೀವು ವಾಪಸ್ ಬಾ ಅಂತೀರಿ. ಇಲ್ಲಾಂದ್ರೆ, ನಾನಾಗ್ಲೇ ಹೇಳಿರ್ಲಿಲ್ವಾ ಅಂತೀರಿ. ಅಲ್ಲಿಯವರ ಹತ್ರ ದೂರಿದ್ರೆ, ಬಾಗಿಲು ತೆಗೆದಿದೆ ಹೋಗು ಅಂತ ನಿಮ್ಮ ಹಾಗೇ ಹೇಳ್ತಾರೆ. ಅವನು ಬಾಯಿ ಬಿಡೋದಾದ್ರೂ ಎಲ್ಲಿ? ಫೋನ್ ಮಾಡಿದಾಗ ಏನು ಮಾತಾಡ್ತಾನೆ ನಿಮ್ಮ ಮಗ? ಹೇಳಿ ನೋಡೋಣ!"

ನನ್ನ ದನಿ ಏರಿತ್ತು. ಬೀದಿಗೂ ಕೇಳಿಸುತ್ತಿತ್ತೇನೋ. ಮುದುಕ ಕೆಮ್ಮಿ ಹೇಳಿದ, "ಹವಾಮಾನ ಹೇಳ್ತಾನೆ. ಅಲ್ಲಿ ಎಷ್ಟು ಹಿಮ ಬಿತ್ತು ಅಂತ."

"ಇಪ್ಪತ್ತು ವರ್ಷ ಬರೀ ಹಿಮಾನಾ?"

"ಅದು ನಿನಗೆ ಯಾಕೆ ಬೇಕು? ಹೆಂಗಸಾಗಿ ಅಷ್ಟು ಜೋರಾಗಿ ಕಿರುಚ್ತೀಯಲ್ಲ!"

"ಕಿರುಚ್ತಿಲ್ಲ, ಇದೇ ನನ್ನ ದನಿ! ಈ ಊರಿಗೆ ಬಂದಾಗಿನಿಂದ ಎಲ್ರೂ ಇದನ್ನೇ ಹೇಳ್ತಾ ಇದೀರ. ನಮ್ಮ ವಠಾರದ ಒಡತಿ ಎರಡು ಉರಿಯ ಒಲೆ ಮುಂದೆ ನಿಂತು ಅದೇ ಹೇಳ್ತಾಳೆ. ನನ್ನ ಗಂಡನೂ ಈಗ ನಿಮ್ಮವನೇ ಆಗಿಹೋಗಿದಾನೆ. ಜೋರಾಗಿ ನಗೋದೇ ಮರೆತಿದಾನೆ, ಮಾಟೆ ಹೀರ್ತಾ ತಲೆ ಅಲ್ಲಾಡಿಸ್ತಾನೆ. ಒಳ್ಳೆ ದೇಶ, ಸ್ವಾಮೀ, ನಾನು ಇಲ್ಲ ಅಂದಿಲ್ಲ. ಇಲ್ಲಿ ಏನು ಬೇಕಾದ್ರೂ ಮಾತಾಡಬಹುದು. ಕೇಳೋರು ಯಾರು?"

ಲುಸಿಯಾನಾ ಗಾಜಿನತ್ತ ಕೈಬೀಸಿದಳು. ಯಾರದೋ ಗಿಟಾರು ಶುರುವಾಯಿತು. ಕೊನೆಗೆ ಹೇಳಬೇಕಿದ್ದ ಸ್ವಲ್ಪ ಒಳ್ಳೆಯದು ನನ್ನ ಹೊಟ್ಟೆಯಲ್ಲೇ ಉಳಿಯಿತು.

ಮನೆಗೆ ಬಂದಾಗ ಡೋನ್ಯಾ ನೆಲ್ಲಿ ಅಡುಗೆಮನೆಯಲ್ಲಿ ನನಗೆ ಬೆನ್ನು ತೋರಿಸಿ ನಿಂತಿದ್ದಳು. "ಎರಡು ಉರಿಯ ಒಲೆ" ಎಂದಳು ಗೋಡೆಗೆ, ಅಷ್ಟೇ. ಲಿಯೋ ಸಂಜೆ ಬಂದ. ಶಿಳ್ಳೆ ಇರಲಿಲ್ಲ.

"ಗ್ಯಾರೇಜಿನಲ್ಲಿ ಎಲ್ರೂ ಬಂದು ಬಂದು ನನ್ನ ಮುಂದೆ ಹಾ ಹಾ ಹಾ ಅಂತ ನಗ್ತಾ ಇದ್ರು. ನಗೋದು ಹೇಳಿಕೊಡ್ತೀವಿ ಬಾ ಅಂತ. ಖುಷಿ ಆಯ್ತಾ?"

"ನಿನ್ನನ್ನ ಬೈದಿಲ್ಲ ಲಿಯೋ..."

"ಬೈದಿದ್ರೆ ಪರವಾಗಿರ್ಲಿಲ್ಲ." ಅವನು ಹಾಸಿಗೆಯ ಅಂಚಿನಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದ. "ನಿನಗೆ ಸಹಿಸೋಕಾಗದೇ ಇರೋದು ಈ ಊರನ್ನಲ್ಲ ಇಡಾ. ನಾನು ಇಲ್ಲಿ ಚೆನ್ನಾಗಿದೀನಲ್ಲ, ಅದನ್ನ. ನಾನೂ ಮುಖ ಊದಿಸ್ಕೊಂಡು ಕೂತಿದ್ರೆ ನಿನಗೆ ಜೊತೆ ಸಿಗ್ತಿತ್ತು. ನನ್ನ ಕೈಲಾಗಲ್ಲ. ನನಗೆ ನಲವತ್ತೊಂಬತ್ತು. ಮೊದಲನೇ ಸಲ ಒಂದು ಬಸ್ಸನ್ನ ಸರಿಯಾಗಿ ರಿಪೇರಿ ಮಾಡ್ತಾ ಇದೀನಿ."

ಇಡೀ ಊರಿಗೆ ಕಿರುಚಿ ಬಂದವಳು ಅವನ ಬೂಟುಗಳನ್ನು ಎತ್ತಿ ಮಂಚದ ಕೆಳಗೆ ಜೋಡಿಸಿಟ್ಟೆ.

ಜೊರೈದಾಳ ಫೋನ್ ಭಾನುವಾರ ಬಂತು. ಅವಳು ಅಳುತ್ತಾ ಬೈಯುತ್ತಿದ್ದಳು. "ಅತ್ತಿಗೆ, ನಿಮ್ಮನ್ನ ಎಷ್ಟು ಬೇಡ್ಕೊಂಡಿದ್ದೆ! ಬರೀ ಹಾಲು, ದೀಪ, ಔಷಧಿ ಅಂತ ಹೊಗಳಿಬಿಟ್ರಲ್ಲ!"

"ಅಯ್ಯೋ, ಆಮೇಲೆ ಹೇಳಿದ್ದು ಕೇಳ್ಲಿಲ್ವಾ?"

"ಆಮೇಲೆ ಎಲ್ಲಿ? ಕರೆಂಟು ಹೋಯ್ತು, ಟವರೂ ಹೋಯ್ತು. ಗಂಡ ಶಿಳ್ಳೆ ಹಾಕ್ಕೊಂಡು ಬರ್ತಾನೆ ಅಂದ್ರಿ, ಅಲ್ಲಿಗೆ ನಿಂತುಹೋಯ್ತು. ನಿಮ್ಮ ತಮ್ಮ ಆ ಸದ್ದಿಲ್ಲದ ಫೋನ್ ಹಿಡ್ಕೊಂಡು, ನೋಡಿದ್ಯಾ, ನೋಡಿದ್ಯಾ ಅಂತ ಕುಣಿದುಬಿಟ್ಟ. ಇವತ್ತು ಬೆಳಿಗ್ಗೆ ಮೋಟಾರ್‌ಬೈಕ್ ಮಾರಿ ಬಂದಿದಾನೆ."

ರೇನಿಯೆರ್‌ಗೆ ಫೋನ್ ಮಾಡಿದೆ. ಉಳಿದದ್ದನ್ನೆಲ್ಲ ಹೇಳಿದೆ, ರೇಡಿಯೊದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ. ಒಂದು ಕೋಣೆ, ಒಂದು ಒಲೆ, ತಿಂಗಳುಗಟ್ಟಲೆ ಮೂಳೆಗಿಳಿಯುವ ತೇವದ ಚಳಿ, ನಿನ್ನನ್ನು ಯಾರೂ ಮೇಷ್ಟ್ರೇ ಅನ್ನುವುದಿಲ್ಲ, ಜೊರೈದಾಳ ಡಾಕ್ಟರಿಕೆ ಇಲ್ಲಿ ನಡೆಯಬೇಕಾದರೆ ವರ್ಷಗಳೇ ಬೇಕು ಎಂದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

"ಸರಿ ಅಕ್ಕಾ. ಹಾಗಾದ್ರೆ ನೀನು ಯಾವಾಗ ವಾಪಸ್ ಬರ್ತೀಯಾ?"

ನಾನು ಸುಮ್ಮನಾದೆ.

"ನೋಡಿದ್ಯಾ" ಎಂದ ನನಗೂ.

ಮುಂದಿನ ಶನಿವಾರ ಲುಸಿಯಾನಾ ಫೋನ್ ಮಾಡಿ, ನನ್ನನ್ನು ಮತ್ತೆ ಕರೆಯುವುದು ಬೇಡವೆಂದು ಮೇಲಿನವರು ಹೇಳಿದ್ದಾರೆಂದು ತಿಳಿಸಿದಳು. ಕೇಳುಗರಲ್ಲಿ ಅರ್ಧ ಜನ ಬೈದರಂತೆ, ಅರ್ಧ ಜನ ಇನ್ನೂ ಬೇಕೆಂದರಂತೆ. ಮೇಲಿನವರಿಗೆ ಎರಡೂ ಇಷ್ಟವಾಗಲಿಲ್ಲವಂತೆ. ಅನಿಬಾಲ್ ನನ್ನ ನಂಬರು ಕೇಳಿ ಜೀವ ತಿನ್ನುತ್ತಿದ್ದಾನೆ, ಕೊಡಲೇ ಎಂದಳು. ಕೊಡಿ ಎಂದೆ. ಕ್ಷಮೆ ಕೇಳುತ್ತಾನೆ ಅಂದುಕೊಂಡಿದ್ದೆ.

"ನಿನ್ನ ಮಾತು ಕಟ್ಟಿಕೊಂಡು ಮಗನನ್ನ ನೇರವಾಗಿ ಕೇಳ್ದೆ" ಎಂದ ಮುದುಕ. "ಅಲ್ಲಿ ನಿನಗೆ ಹೇಗಿದೆ, ನಿಜ ಹೇಳು ಅಂತ. ಇಷ್ಟು ವರ್ಷ ಆದ್ಮೇಲೆ ಈಗ ಕೇಳ್ತೀಯಾ ಅಂತ ಫೋನ್ ಇಟ್ಟುಬಿಟ್ಟ. ಹವಾಮಾನನಾದ್ರೂ ಹೇಳ್ತಿದ್ದ. ಈಗ ಅದೂ ಇಲ್ಲ. ಎಲ್ಲಾ ನಿನ್ನಿಂದ."

"ನಾನೇನು ಮಾಡ್ಲಿ ಸ್ವಾಮೀ?"

"ನನಗೇನು ಗೊತ್ತು? ಬಾಯಿ ಜೋರಿರೋದು ನಿನಗೆ, ನೀನೇ ಹೇಳು." ಹಾಗೆಂದವನು ಫೋನ್ ಮಾತ್ರ ಇಡಲಿಲ್ಲ. ಬಂದರಿನ ಬಗ್ಗೆ, ಸತ್ತ ಹೆಂಡತಿಯ ಬಗ್ಗೆ, ಮಗ ಹೊರಟ ದಿನ ತಾನು ಕೆಲಸಕ್ಕೆ ರಜೆ ಹಾಕದೇ ಹೋದದ್ದರ ಬಗ್ಗೆ ಗೊಣಗುತ್ತಾ ಹೋದ. ಒಲೆಯ ಮೇಲಿದ್ದ ಬೀನ್ಸು ತಳ ಹತ್ತಿತು.

ರೇನಿಯೆರ್ ಒಬ್ಬನೇ ಹೊರಟ. ಗಯಾನಾಕ್ಕೆ ವಿಮಾನ, ಅಲ್ಲಿಂದ ಬ್ರೆಜಿಲ್ ಪೂರ್ತಿ ದೋಣಿ, ಲಾರಿ, ಬಸ್ಸು. ನಾವೂ ಹಾಗೇ ಬಂದದ್ದು. ನಡುವೆ ಹಲವು ದಿನ ಅವನ ಸುದ್ದಿಯೇ ಇರಲಿಲ್ಲ. ಜೊರೈದಾ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುತ್ತಿದ್ದಳು. ನಾನು ಒಫೇಲಿಯಾಳ ಮನೆಯ ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟು, ಪಿಸುದನಿಯಲ್ಲಿ ಗೊತ್ತಿಲ್ಲ, ಇನ್ನೂ ಗೊತ್ತಿಲ್ಲ ಎನ್ನುತ್ತಿದ್ದೆ. ಲಿಯೋ ಮತ್ತು ನಾನು ಆಗ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತಾಡುತ್ತಿದ್ದೆವು.

ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಕೊರೆಯುವ ಬೆಳಿಗ್ಗೆ ರೇನಿಯೆರ್ ಗಡಿಯಿಂದ ಬರುವ ಬಸ್ಸಿನಿಂದ ಇಳಿದ. ಕರೆದುಕೊಂಡು ಬರಲು ಒಬ್ಬಳೇ ಹೋಗಿದ್ದೆ. ಮೊದಲು ಅವನೆಂದು ಗೊತ್ತಾಗಲಿಲ್ಲ. ಆಟದ ಮೇಷ್ಟ್ರ ಮೈಯೆಲ್ಲ ಕರಗಿ ಅಂಗಿ ನೇತಾಡುತ್ತಿತ್ತು. ಎಡಗಾಲಿಗೆ ಬೂಟಿರಲಿಲ್ಲ. ಪಾದ ಊದಿ, ಅದರ ಸುತ್ತ ಒಂದು ಟೀ ಶರ್ಟು ಕಟ್ಟಿದ್ದ. ನನ್ನನ್ನು ತಬ್ಬಿಕೊಂಡಾಗ ಜ್ವರದ ಬಿಸಿ ಕೋಟಿನ ಮೂಲಕವೂ ತಾಗಿತು.

"ಕಾಲಿಗೆ ಏನಾಯ್ತೋ?"

"ಏನಿಲ್ಲ, ಮುಳ್ಳು. ಅಬ್ಬಾ, ಇಲ್ಲಿನ ನೆಲ ನೋಡು ಅಕ್ಕಾ, ಏನು ಹೊಳೆಯುತ್ತೆ!" ಎಂದು ಬಸ್ ನಿಲ್ದಾಣದ ನೆಲವನ್ನು ಮೆಚ್ಚಿದ. ಬೆಂಚಿನ ಮೇಲೆ ಕೂತ ತಕ್ಷಣ ನನ್ನ ಫೋನ್ ಇಸಿದುಕೊಂಡು ಜೊರೈದಾಗೆ ಮಾಡಿದ. "ಬಂದೆ ಚಿನ್ನಾ! ಸುಖವಾಗಿ ಬಂದೆ. ಯಾವ ಕಷ್ಟಾನೂ ಆಗ್ಲಿಲ್ಲ. ದಾರಿಯುದ್ದಕ್ಕೂ ನಿದ್ದೆ ಮಾಡ್ಕೊಂಡು ಬಂದೆ. ನೀನೂ ಬರಬಹುದು, ಆರಾಮಾಗಿ. ಹೌದು, ಊಟ ಎಲ್ಲಾ ಚೆನ್ನಾಗಿತ್ತು."

ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಆ ಶಬ್ದ ಅವಳಿಗೆ ಕೇಳದಿರಲೆಂದು ನಡುನಡುವೆ ನಗುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಫೋನನ್ನು ಅವನ ಕೈಯಿಂದ ಕಿತ್ತುಕೊಂಡೆ.

"ಜೊರೈದಾ, ಸುಳ್ಳು ಹೇಳ್ತಿದಾನೆ ಕಣೇ. ಕಾಲು ಕುಂಬಳಕಾಯಿ ಆಗಿದೆ, ಜ್ವರ ಇದೆ, ಅರ್ಧ ಮೈ ದಾರೀಲೇ ಬಿಟ್ಟು ಬಂದಿದಾನೆ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಇಲ್ಲಿ ಆಸ್ಪತ್ರೆ ಇದೆ, ಔಷಧಿ ಇದೆ, ಅದು ನಿಜ. ನೀನು ಮಾತ್ರ ಆ ದಾರೀಲಿ ಬರಬೇಡ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ಯಾವ ಬಣ್ಣ ಇದೆ ಅತ್ತಿಗೆ, ಕಾಲು? ಕೆಂಪಾ, ಕಪ್ಪಾ?" ಎಂದಳು, ಡಾಕ್ಟರ ದನಿಯಲ್ಲಿ. ಕೆಂಪು ಎಂದೆ. "ಗೆರೆ ಥರ ಮೇಲಕ್ಕೆ ಹೋಗಿದೆಯಾ ನೋಡಿ." ಪ್ಯಾಂಟು ಮಡಚಿ ನೋಡಿ, ಇಲ್ಲ ಎಂದೆ. ರೇನಿಯೆರ್ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಚಿಕ್ಕಂದಿನಲ್ಲಿ ಅವನ ಕಳ್ಳಾಟವನ್ನು ಅಪ್ಪನಿಗೆ ಹೇಳಿದಾಗಲೂ ಹಾಗೆ ನೋಡಿರಲಿಲ್ಲ. ಆಸ್ಪತ್ರೆಗೆ ಹೋಗುವಾಗಲೂ, ಬರುವಾಗಲೂ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಇಂಜೆಕ್ಷನ್ ಚುಚ್ಚಿದ ನರ್ಸ್ ಹತ್ತಿರ ಮಾತ್ರ, "ಎಷ್ಟು ಒಳ್ಳೆಯವರು ನೀವು" ಎಂದ.

ಸಂಜೆ ಲಿಯೋ ಬಂದವನು ಬಾಗಿಲಲ್ಲಿ ನಿಂತು ಭಾವಮೈದುನನ ಕಾಲು ನೋಡಿದ. ಫ್ಲಾಸ್ಕಿನ ಬಿಸಿನೀರನ್ನು ಒಂದು ಟಬ್ಬಿಗೆ ಸುರಿದು, ತಣ್ಣೀರು ಬೆರೆಸಿ, ಉಪ್ಪು ಹಾಕಿ, ಮೊಣಕಾಲೂರಿ ಕೂತು ಆ ಪಾದವನ್ನು ನೀರಿಗಿಳಿಸಿದ. ಗ್ರೀಸಿನ ಗುರುತಿಲ್ಲದ ಸ್ವಚ್ಛವಾದ ಕೈಗಳು. ಇಬ್ಬರೂ ಬ್ರೆಜಿಲ್ಲಿನ ಬಸ್ಸುಗಳ ಗೇರ್‌ಬಾಕ್ಸಿನ ಬಗ್ಗೆ ಮಾತಾಡತೊಡಗಿದರು. ರೇನಿಯೆರ್ ಯಾವುದೋ ಡ್ರೈವರನ ಅಣಕ ಮಾಡಿದ. ಲಿಯೋ ತಲೆ ಹಿಂದಕ್ಕೆಸೆದು ನಕ್ಕ, ಗೋಡೆಯಾಚೆ ಯಾರೋ ಎದ್ದು ಕೂತಿರಬೇಕು, ಅಷ್ಟು ಜೋರಾಗಿ.

ನಾನು ಬಾಗಿಲಿಗೊರಗಿ ನಿಂತಿದ್ದೆ. ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಹೊರಗೆ ನಡುಮನೆಗೆ ಬಂದು ಎತ್ತಿಕೊಂಡೆ.

"ಅತ್ತಿಗೆ, ಇವತ್ತಿಂದ ದಿನಾ ನಿಮಗೇ ಫೋನ್ ಮಾಡ್ತೀನಿ. ಅವನಿಗಲ್ಲ. ಕಾಲು ಹೇಗಿದೆ ಈಗ?"

"ನೀರಲ್ಲಿದೆ. ಊತ ಹಾಗೇ ಇದೆ."

"ಹೂಂ" ಎಂದಳು ಜೊರೈದಾ. "ಇನ್ನೂ ಹೇಳಿ."